ಟೈಲರಮ್ಮನ ಮನೆಗೆ ಬಂದ ನಾಲ್ಕು ಕೊಂಬಿನ ಮೋಡೆಮ್

ನಿಮ್ಮ ಮನೆಯಲ್ಲೂ ಆಗಿರುತ್ತದೆ. ಫೋನಿನಲ್ಲಿ ಯಾರದೋ ಮುಖ ನೋಡುತ್ತಾ ಮಾತಾಡುತ್ತಿರುತ್ತೀರಿ. ಮುಖ್ಯವಾದ ಮಾತು ಬರುವ ಹೊತ್ತಿಗೆ ಸರಿಯಾಗಿ ಆ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತದೆ. ನಡುವೆ ಒಂದು ಚಕ್ರ ಗಿರಗಿರ ಸುತ್ತುತ್ತದೆ. ನೀವು ಫೋನು ಎತ್ತಿ ಹಿಡಿಯುತ್ತೀರಿ, ಕಿಟಕಿಗೆ ಓಡುತ್ತೀರಿ, ಕುರ್ಚಿ ಹತ್ತುತ್ತೀರಿ. ಕೊನೆಗೆ ಕಂಪನಿಯವರಿಗೆ ಮನಸಾರೆ ಬೈದು ಸುಮ್ಮನಾಗುತ್ತೀರಿ.

ಟೈಲರಮ್ಮನೂ ಬೈದು ಸುಮ್ಮನಾಗಬಹುದಿತ್ತು. ಆದರೆ ಅವಳ ಮನೆಯಲ್ಲಿ ಆ ಚಕ್ರ ಸುತ್ತಿದಾಗಲೆಲ್ಲ ಗಂಡನ ಬಾಯಿ ಕಟ್ಟಿಹೋಗುತ್ತಿತ್ತು.

ಅವಳದು ಮುಂದೆ ಅಂಗಡಿ, ಹಿಂದೆ ಮನೆ. ಬೀದಿಗೆ ತೆರೆದ ಕೋಣೆಯಲ್ಲಿ ಹೊಲಿಗೆ ಯಂತ್ರಗಳು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಬಟ್ಟೆಯ ಥಾನುಗಳನ್ನು ಒತ್ತಿ ತುಂಬಿದ ಕಬ್ಬಿಣದ ಕಪಾಟು, ಗಿರಾಕಿಗಳು ಹಾಕಿಕೊಂಡು ನೋಡಲು ಆಳೆತ್ತರದ ಕನ್ನಡಿ. ಅಂಗಡಿ ದಾಟಿದರೆ ಇಕ್ಕಟ್ಟಾದ ಉದ್ದನೆಯ ನಡುದಾರಿ, ಆಮೇಲೆ ಅಡುಗೆಮನೆ, ಕೊನೆಗೆ ಮಲಗುವ ಕೋಣೆ. ಹೊಲಿಯುವವಳು ಇವಳು, ಕತ್ತರಿಸುವವರು ಇವಳ ಗಂಡ. ಬೀದಿಯವರೆಲ್ಲ ಅವರನ್ನು ಮಾಸ್ಟರ್ ಎಂದೇ ಕರೆಯುವುದು. ಮಾಸ್ಟರ್ ಕೈಯಲ್ಲಿ ಕತ್ತರಿ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಪ್ಯಾಂಟು ಬಿಗಿಯಾಯಿತು ಎಂದು ಜಗಳಕ್ಕೆ ಬಂದವನಿಗೆ, "ಪ್ಯಾಂಟು ಇದ್ದಂಗೇ ಇದೆ ಸ್ವಾಮಿ, ಬೆಳೆದಿರೋದು ತಾವು" ಎಂದು ನಗಿಸಿ, ಇನ್ನೊಂದು ಪ್ಯಾಂಟಿಗೆ ಅಳತೆ ತೆಗೆದು ಕಳಿಸುವ ಆಸಾಮಿ.

ಅಂಥವರಿಗೆ ಒಂದು ಬೆಳಗ್ಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯವರು ಜೀವ ಉಳಿಸಿ ಕಳಿಸಿದರು. ಕಾಲು ನಿಧಾನಕ್ಕೆ ಸರಿಹೋಯಿತು, ಬಲಗೈ ಅಷ್ಟಿಷ್ಟು ಆಡತೊಡಗಿತು. ಮಾತು ಮಾತ್ರ ಬರಲಿಲ್ಲ. ಎದುರಿನವರು ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕಾದದ್ದು ತಲೆಯಲ್ಲಿರುತ್ತದೆ, ನಾಲಿಗೆಗೆ ಪದವೇ ಸಿಗುವುದಿಲ್ಲ. ಲೋಟ ಬೇಕು ಎನ್ನುವುದಕ್ಕೆ ಬೆರಳು ತೋರಿಸಬೇಕು. ಬೀದಿಗೆಲ್ಲ ಮಾತು ಹಂಚಿದ ಮನುಷ್ಯ ಲೋಟಕ್ಕೆ ಬೆರಳು ತೋರಿಸುವುದನ್ನು ನೋಡಲಾರದೆ ಟೈಲರಮ್ಮ, ಅವರು ಕೈ ಎತ್ತುವ ಮೊದಲೇ ನೀರು ತಂದಿಡುತ್ತಿದ್ದಳು.

ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು, ಆದರೆ ಇದ್ದದ್ದು ದೂರದ ಊರಿನಲ್ಲಿ. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರುವ ಶಕ್ತಿ ಮಾಸ್ಟರಿಗೆ ಇರಲಿಲ್ಲ. "ವಿಡಿಯೋ ಕರೆಯಲ್ಲೇ ದಿನಾ ಕ್ಲಾಸು ಮಾಡೋಣ" ಎಂದರು ಡಾಕ್ಟರಮ್ಮ. "ಮೊದಲ ತಿಂಗಳುಗಳು ತುಂಬಾ ಮುಖ್ಯ. ಈಗ ಬಿಡದೆ ಅಭ್ಯಾಸ ಮಾಡಿದ್ರೆ ಮಾತು ಬರುತ್ತೆ. ಬಿಟ್ಟು ಬಿಟ್ಟು ಮಾಡಿದ್ರೆ ಕಷ್ಟ." ಹಿಂದಿನ ಕೋಣೆಯಲ್ಲಿ ಮೊಬೈಲಿನ ಸಿಗ್ನಲ್ ಒಂದು ಗಳಿಗೆ ಇದ್ದರೆ ಇನ್ನೊಂದು ಗಳಿಗೆ ಇಲ್ಲ. ಹಾಗಾಗಿಯೇ ಟೈಲರಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ್ದು.

ಹಾಕಿಸಿದ ಮೇಲೂ ಹಣೆಬರಹ ಬದಲಾಗಲಿಲ್ಲ. ಡಾಕ್ಟರಮ್ಮ ಪರದೆಯ ಮೇಲೆ ಒಂದು ಚಿತ್ರ ತೋರಿಸುವರು, "ಇದೇನು ಹೇಳಿ" ಎನ್ನುವರು. ಮಾಸ್ಟರ್ ಹಣೆಯ ನರ ಉಬ್ಬಿಸಿ, ತುಟಿ ಒದ್ದಾಡಿಸಿ, ಅಂತೂ ಒಂದು ಅಕ್ಷರ ಹೊರಡಿಸುವರು. ಅಷ್ಟರಲ್ಲಿ ಡಾಕ್ಟರಮ್ಮನ ಮುಖ ಕಲ್ಲಾಗಿರುವುದು. ಮಾಸ್ಟರ್ ಕಾಯುವರು. ಡಾಕ್ಟರಮ್ಮ ಏನೂ ಹೇಳರು. ತಾನು ಹೇಳಿದ್ದು ತಪ್ಪಿರಬೇಕು, ಅದಕ್ಕೇ ಅವರು ಸುಮ್ಮನಿದ್ದಾರೆ ಎಂದು ಮಾಸ್ಟರ್ ತಲೆ ತಗ್ಗಿಸುವರು.

"ನಿಮ್ಮದಲ್ಲಾ ರೀ ತಪ್ಪು, ನೆಟ್ಟಿಂದು!" ಎಂದು ಟೈಲರಮ್ಮ ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ. ಹೇಗೆ ನಂಬುತ್ತಾರೆ? ಪದ ಸಿಗದೆ ನಿಂತದ್ದು ತನ್ನ ಬಾಯೋ ಆಚೆ ಕಡೆಯ ಚಿತ್ರವೋ ಎಂದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಒಂದು ದಿನ ಕ್ಲಾಸಿನ ಹೊತ್ತಿಗೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ಟೈಲರಮ್ಮ ಭುಜ ಮುಟ್ಟಿ ಕರೆದರೆ ಕೈ ಕೊಡವಿದರು. ಅಂದು ಕ್ಲಾಸು ಆಗಲಿಲ್ಲ, ಮರುದಿನವೂ ಆಗಲಿಲ್ಲ.

ಡಾಕ್ಟರಮ್ಮನೇ ಫೋನು ಮಾಡಿದರು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಹೀಗೆ ಅರ್ಧರ್ಧ ಕೇಳಿಸ್ಕೊಂಡು ಕಲಿಸಿದ್ರೆ ಅವರಿಗೆ ಧೈರ್ಯ ಕುಗ್ಗುತ್ತೆ, ಒಳ್ಳೇದಾಗೋ ಬದಲು ಕೆಟ್ಟದ್ದೇ ಆಗುತ್ತೆ. ಈ ವಾರದೊಳಗೆ ಲೈನು ಸರಿ ಮಾಡಿಸೋಕಾಗುತ್ತಾ ನೋಡಿ. ಆಗದಿದ್ರೆ ಕ್ಲಾಸು ನಿಲ್ಲಿಸಿ ಬೇರೆ ದಾರಿ ಯೋಚಿಸೋಣ."

ಬೇರೆ ದಾರಿ ಯಾವುದೂ ಇಲ್ಲ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಫೋನು ಇಟ್ಟವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆಗುತ್ತೆ. ಯಾಕಾಗಲ್ಲ?" ಎಂದು ಖಾಲಿ ಅಂಗಡಿಗೆ ಕೇಳುವಂತೆ ಹೇಳಿದಳು.

ಅಷ್ಟರಲ್ಲಿ ಮಾಸ್ಟರರ ಅಣ್ಣ ಬಂದರು. ಟೈಲರಮ್ಮನಿಗೆ ಭಾವ. ಪಂಪು ರಿಪೇರಿ ಮಾಡುವ ಕೆಲಸ ಅವರದು. ತಮ್ಮನ ಮೇಲೆ ಪ್ರಾಣ ಇಟ್ಟುಕೊಂಡ ಮನುಷ್ಯ. ಆದರೆ ಲೋಕದ ಯಾವ ತೊಂದರೆಗೂ ಅವರ ಬಳಿ ಇರುವುದು ಒಂದೇ ಔಷಧ. ನೀರು ಮೇಲೆ ಏರುತ್ತಿಲ್ಲವೇ, ದೊಡ್ಡ ಮೋಟಾರು ಹಾಕು. ಮಿಕ್ಸಿ ರುಬ್ಬುತ್ತಿಲ್ಲವೇ, ದೊಡ್ಡ ಮೋಟಾರು ಹಾಕು. ಮಗ ಓದುತ್ತಿಲ್ಲ ಎಂದರೂ ಅವನಿಗೊಂದು ಮೋಟಾರು ಕೂರಿಸುತ್ತಿದ್ದರೋ ಏನೋ.

"ನಾನಾಗ್ಲೇ ಯೋಚ್ನೆ ಮಾಡಿದ್ದೀನಿ ಕಣಮ್ಮ" ಎಂದು ಚೀಲದಿಂದ ಒಂದು ಡಬ್ಬ ತೆಗೆದರು. "ನಿಮ್ಮ ಮನೇಲಿರೋ ಮೋಡೆಮ್ಮಿಗೆ ತಾಕತ್ತಿಲ್ಲ. ಅದಕ್ಕೆ ಒಂದು ಕೊಂಬೂ ಇಲ್ಲ, ಬೋಳು. ಅಂಗಡಿಯವನಿಗೆ ಹೇಳ್ದೆ, ಇರೋದ್ರಲ್ಲೇ ದೊಡ್ಡ ಮೋಡೆಮ್ ಕೊಡಪ್ಪ ಅಂತ. ನೋಡು, ನಾಲ್ಕು ಕೊಂಬು!"

ಡಬ್ಬದೊಳಗಿನ ಕರಿಯ ಪೆಟ್ಟಿಗೆ ನೋಡಲು ಗಂಭೀರವಾಗಿಯೇ ಇತ್ತು. ಟೈಲರಮ್ಮನಿಗೂ ಮನಸ್ಸು ಒಪ್ಪಿತು. ಆದರೆ ಗೋಡೆಯಿಂದ ಬಂದ ತಂತಿಯ ತುದಿ ಹೊಸ ಪೆಟ್ಟಿಗೆಯ ಯಾವ ತೂತಿಗೂ ಹೋಗಲೊಲ್ಲದು. ಭಾವ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಸ್ವಲ್ಪ ಅರ ಹಾಕಿ ಉಜ್ಜಿದ್ರೆ ಕೂತ್ಕೊಳ್ಳುತ್ತೆ ಬಿಡು."

"ಅಯ್ಯೋ, ಉಜ್ಜಬೇಡಿ!" ಎಂದು ಬಾಗಿಲಿನಿಂದ ಒಂದು ದನಿ ಬಂತು.

ಮೇಲಿನ ಮನೆಯ ಕಂಪ್ಯೂಟರ್ ಟೀಚರ್. ಶಾಲೆಯಿಂದ ಬರುತ್ತಾ, ಉದ್ದ ಕಡಿಮೆ ಮಾಡಲು ಕೊಟ್ಟಿದ್ದ ಪ್ಯಾಂಟು ತೆಗೆದುಕೊಂಡು ಹೋಗಲು ನಿಂತಿದ್ದರು. ಪ್ಯಾಂಟು ಆಗಿಲ್ಲ ಎಂದು ಟೈಲರಮ್ಮನ ಮುಖ ನೋಡಿಯೇ ಅವರಿಗೆ ತಿಳಿಯಿತು. ಆದರೂ ಚೀಲ ಕೆಳಗಿಟ್ಟು ಒಳಗೆ ಬಂದರು. ಟೈಲರಮ್ಮ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಕಣ್ಣು ತುಂಬಿಬಂತು. ಅದನ್ನು ಅಲ್ಲಿಯೇ ಒರೆಸಿಕೊಂಡಳು.

"ಟೈಲರಮ್ಮ, ಒಂದು ಕೇಳ್ತೀನಿ. ನಿಮಗೆ ಬೇಕಿರೋದು ಮೋಡೆಮ್ಮೋ ರೂಟರ್ರೋ?"

"ಎರಡೂ ಒಂದೇ ಅಲ್ವಾ ಟೀಚರ್?"

"ಎಲ್ಲಾರೂ ಹಂಗೇ ಅಂದ್ಕೊಂಡಿರ್ತಾರೆ. ನೋಡಿ, ನಿಮ್ಮ ಕೆಲಸದಲ್ಲೇ ಹೇಳ್ತೀನಿ. ಗಿರಣಿಯಿಂದ ಬಟ್ಟೆ ಥಾನು ಹೊತ್ಕೊಂಡು ನಿಮ್ಮ ಅಂಗಡಿ ಬಾಗಿಲಿಗೆ ತಂದು ಹಾಕೋನು ಒಬ್ಬ. ಆ ಥಾನು ಬಿಚ್ಚಿ, ಇದು ಅವರ ಅಂಗಿಗೆ, ಇದು ಇವರ ಲಂಗಕ್ಕೆ ಅಂತ ಕತ್ತರಿಸಿ ಹಂಚೋರು ಯಾರು?"

"ನಮ್ಮ ಮಾಸ್ಟರ್."

"ಹಾಂ. ಹೊರಗಡೆಯಿಂದ ಇಂಟರ್ನೆಟ್ಟನ್ನ ಮನೆ ಬಾಗಿಲಿಗೆ ತಂದು ಹಾಕೋದು ಮೋಡೆಮ್. ಅದನ್ನ ಮನೆಯೊಳಗೆ ಈ ಫೋನಿಗಿಷ್ಟು, ಆ ಟಿವಿಗಿಷ್ಟು ಅಂತ ಹಂಚೋದು ರೂಟರ್. ಈಗಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇಬ್ಬರೂ ಒಂದೇ ಮನೇಲಿ ಇರ್ತಾರೆ, ಅದಕ್ಕೇ ಜನಕ್ಕೆ ಗೊಂದಲ. ನಿಮ್ಮ ಪೆಟ್ಟಿಗೇನೂ ಹಾಗೇ."

ಭಾವ ಸುಲಭಕ್ಕೆ ಬಿಡುವವರಲ್ಲ. "ಅದೆಲ್ಲ ಇರ್ಲಿ ಟೀಚರಮ್ಮ. ಎರಡು ಮೋಡೆಮ್ ಹಾಕಿದ್ರೆ ಎರಡು ಪಟ್ಟು ನೆಟ್ಟು ಬರಲ್ವಾ?"

"ಕತ್ತರಿಸೋರು ಇಲ್ಲದೆ ಕೆಲಸ ನಿಂತಿದ್ರೆ, ಇನ್ನೊಂದು ಥಾನು ತರಿಸಿ ಹಾಕಿದ್ರೆ ಅಂಗಿ ಆಗುತ್ತಾ ಅಣ್ಣ? ಅದೂ ಅಲ್ದೆ ನೀವು ತಂದಿರೋದು ಹಳೇ ಟೆಲಿಫೋನ್ ತಂತಿಗೆ ಹಾಕೋ ಮೋಡೆಮ್. ಇವರ ಮನೆಗೆ ಬಂದಿರೋದು ಫೈಬರ್ ಲೈನು, ಒಳಗೆ ಗಾಜಿನ ಎಳೆ. ಬಗ್ಗಿಸಿದ್ರೆ ಮುರಿಯುತ್ತೆ, ಉಜ್ಜಿದ್ರೆ ಕಥೆ ಮುಗೀತು. ಆ ಲೈನಿನ ಪೆಟ್ಟಿಗೆ ಕೆಟ್ರೆ ಕಂಪನಿಯವರಿಗೇ ಹೇಳ್ಬೇಕು, ಅಂಗಡೀಲಿ ಸಿಕ್ಕಿದ್ದನ್ನ ತಂದು ಚುಚ್ಚೋ ಹಾಗಿಲ್ಲ."

ಭಾವ ಅರವನ್ನು ಮೆಲ್ಲಗೆ ಚೀಲದೊಳಗೆ ಹಾಕಿಕೊಂಡರು. ನಾಲ್ಕು ಕೊಂಬಿನ ಪೆಟ್ಟಿಗೆ ಡಬ್ಬಕ್ಕೆ ಮರಳಿತು.

"ಹಂಗಾದ್ರೆ ಕೆಟ್ಟಿರೋದು ತರೋನೋ ಹಂಚೋನೋ ಅಂತ ಗೊತ್ತಾಗೋದು ಹೇಗೆ?" ಎಂದು ಟೈಲರಮ್ಮ ಕೇಳಿದಳು. ಅದು ಸರಿಯಾದ ಪ್ರಶ್ನೆ. ಕೊಳ್ಳುವ ಮೊದಲು ಇದನ್ನು ಕೇಳುವವರು ಕಡಿಮೆ.

"ಬಹಳ ಸುಲಭ. ಪೆಟ್ಟಿಗೆ ಪಕ್ಕದಲ್ಲೇ ನಿಂತು ನೋಡ್ಬೇಕು. ಅಲ್ಲಿ ಚೆನ್ನಾಗಿ ಓಡಿ ದೂರ ಹೋದ್ರೆ ನಿಲ್ಲುತ್ತೆ ಅಂದ್ರೆ ಹಂಚೋದ್ರಲ್ಲಿ ತೊಂದರೆ. ಪಕ್ಕದಲ್ಲಿ ನಿಂತ್ರೂ ಬರಲ್ಲ, ಇಲ್ಲಾ ಕೆಂಪು ದೀಪ ಉರೀತಿದೆ ಅಂದ್ರೆ ತರೋದ್ರಲ್ಲಿ ತೊಂದರೆ ಇರಬೇಕು, ಆಗ ಕಂಪನಿಗೆ ಫೋನು ಮಾಡ್ಬೇಕು. ಎಲ್ಲಿ, ನಿಮ್ಮ ಪೆಟ್ಟಿಗೆ ತೋರಿಸಿ."

ಟೈಲರಮ್ಮ ಆಳೆತ್ತರದ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದಳು. ಅದರ ಹಿಂದೆ, ಕಬ್ಬಿಣದ ಕಪಾಟಿನ ಸಂದಿಯಲ್ಲಿ, ಹೂವಿನ ಬಟ್ಟೆಯ ಗಂಟೊಂದು ಕೂತಿತ್ತು. ಟೀಚರ್ ಬಗ್ಗಿ ನೋಡಿದರು. ಗಂಟಲ್ಲ, ಕವರು. ಒಳಗೆ ಅಸ್ತರಿ, ನಡುವೆ ತೆಳುವಾದ ಹತ್ತಿಯ ಪದರ, ಅಂಚಿಗೆ ಬಣ್ಣದ ಪಟ್ಟಿ, ಕೆಳಗೆ ಸುತ್ತ ಫ್ರಿಲ್ಲು, ತಂತಿ ಹೊರಬರಲು ಕಾಜಾ ಹೊಲಿದ ತೂತು. ದೀಪಗಳಿದ್ದ ಕಡೆ ಒಂದು ಪುಟ್ಟ ಜೇಬು ಬೇರೆ.

"ಇದೇನಿದು?"

"ಮೋಡೆಮ್ಮಿನ ಅಂಗಿ" ಎಂದಳು ಟೈಲರಮ್ಮ. ಅವಳ ದನಿಯಲ್ಲಿ ಹೆಮ್ಮೆ ಇತ್ತು. "ಅಂಗಡೀಲಿ ಬಟ್ಟೆ ಧೂಳು, ದಾರದ ಚೂರು ಜಾಸ್ತಿ ಅಲ್ವಾ. ಒಳಗೆ ಹೋಗ್ಬಾರ್ದು ಅಂತ ಅಳತೆ ತೆಗೆದು ಹೊಲಿದೆ. ಗಿರಾಕಿಗಳ ಮಕ್ಕಳು ಎಳೀಬಾರ್ದು ಅಂತ ಕನ್ನಡಿ ಹಿಂದೆ ಇಟ್ಟೆ."

ಟೀಚರ್ ನಗು ತಡೆದುಕೊಂಡದ್ದು ಟೈಲರಮ್ಮನಿಗೆ ಕಾಣಿಸಿತು. ಕವರಿನ ಮೇಲೆ ಕೈಯಿಟ್ಟ ಟೀಚರ್ ತಟ್ಟನೆ ಕೈ ಎಳೆದುಕೊಂಡರು. "ನೀವೇ ಮುಟ್ಟಿ ನೋಡಿ."

ಪೆಟ್ಟಿಗೆ ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿತ್ತು.

"ಪಾಪ, ಇದಕ್ಕೆ ಮೊದಲೇ ಮೈ ಬಿಸಿ. ಇದರ ಪಕ್ಕೆಯಲ್ಲಿರೋ ತೂತುಗಳೆಲ್ಲ ಬಿಸಿ ಹೊರಗೆ ಹೋಗೋಕೆ. ನೀವು ಕಂಬಳಿ ಹೊದಿಸಿದ್ದೀರಿ. ಬಿಸಿ ಏರಿದಾಗ ತಾನೇ ಆರಿ ತಾನೇ ಹತ್ಕೊಳ್ಳುತ್ತೆ. ಇನ್ನು ಈ ಕನ್ನಡಿ ಇದೆಯಲ್ಲ, ಇದರ ಬೆನ್ನಿಗೆ ಬಳಿದಿರೋದು ಲೋಹದ ಲೇಪ. ಬೆಳಕನ್ನ ಹೇಗೆ ವಾಪಸು ಕಳಿಸುತ್ತೋ ವೈಫೈನೂ ಹಂಗೇ ತಡೆಯುತ್ತೆ. ಈ ಕಡೆ ಕನ್ನಡಿ, ಆ ಕಡೆ ಕಬ್ಬಿಣದ ಕಪಾಟು. ಹಂಚೋರನ್ನ ಕೋಣೇಲಿ ಕೂಡಿಹಾಕಿ ಹಂಚು ಅಂದ್ರೆ ಹೇಗೆ?"

ಟೈಲರಮ್ಮನಿಗೆ ಆಗ ನೆನಪಾಯಿತು. ಲೈನು ಹಾಕಲು ಬಂದವನು "ಗಾಳಿ ಆಡೋ ಕಡೆ ಇಡಿ" ಎಂದಿದ್ದ. ಹೂಂ ಎಂದು ತಲೆಯಾಡಿಸಿ, ಅವನು ಬೀದಿ ತಿರುಗುವ ಮೊದಲೇ ಕನ್ನಡಿ ಸರಿಸಿದ್ದಳು. ಇಷ್ಟು ದಿನ ಗಂಡ ತನ್ನ ನಾಲಿಗೆಯನ್ನೇ ಶಪಿಸಿಕೊಂಡದ್ದು ತಾನು ಹೊಲಿದ ಈ ಅಂಗಿಯಿಂದಲೇ? ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸಿಟ್ಟು ಬಂದರೆ ಟೈಲರಮ್ಮನ ಕೈ ಸುಮ್ಮನಿರುವುದಿಲ್ಲ. ಕವರನ್ನು ಕಿತ್ತು ಮೇಜಿನಡಿ ಎಸೆದಳು. ಕನ್ನಡಿಯ ಒಂದು ಬದಿ ತಾನು ಹಿಡಿದು, "ಭಾವ, ಆ ಕಡೆ ಹಿಡೀರಿ" ಎಂದಳು. ಇಬ್ಬರೂ ಅದನ್ನು ಎದುರು ಗೋಡೆಗೆ ಸಾಗಿಸಿದರು. ಪೆಟ್ಟಿಗೆಯನ್ನು ಆರಿಸಿ, ತಣ್ಣಗಾಗಲು ಬಿಟ್ಟು, ಗೋಡೆಯ ಮೇಲೆ ಆಳೆತ್ತರಕ್ಕೆ ಹಲಗೆ ಹೊಡೆದು ಬಯಲಿಗೆ ಕೂರಿಸಿದರು. ಮಕ್ಕಳ ಕೈಗೂ ಎಟಕುವುದಿಲ್ಲ, ಗಾಳಿಯೂ ಆಡುತ್ತದೆ.

"ಈಗ ಪರೀಕ್ಷೆ" ಎಂದರು ಟೀಚರ್. ತಮ್ಮ ಫೋನನ್ನು ಈ ಮನೆಯ ವೈಫೈಗೆ ಸೇರಿಸದೆ ಹೊರಗಿನ ಮೆಟ್ಟಿಲ ಮೇಲೆ ಕೂತು ಟೈಲರಮ್ಮನಿಗೆ ವಿಡಿಯೋ ಕರೆ ಮಾಡಿದರು. "ಪೆಟ್ಟಿಗೆ ಪಕ್ಕದಿಂದ ಶುರು ಮಾಡಿ ಒಳಗೆ ನಡೀತಾ ಹೋಗಿ. ನನ್ನ ಮುಖ ಎಲ್ಲಿ ನಿಲ್ಲುತ್ತೆ ನೋಡಿ."

ಟೈಲರಮ್ಮ ಮೇಜಿನ ಮೇಲಿದ್ದ ಗುರುತು ಹಾಕುವ ಸೀಮೆಸುಣ್ಣವನ್ನು ಕೈಗೆತ್ತಿಕೊಂಡಳು. ಅಳತೆಯ ಕೆಲಸಕ್ಕೆ ಇಳಿದಾಗ ಸೀಮೆಸುಣ್ಣವಿಲ್ಲದೆ ಅವಳಿಗೆ ಕೈಕಾಲು ಆಡುವುದಿಲ್ಲ. ಪೆಟ್ಟಿಗೆಯ ಬುಡದಲ್ಲಿ ಟೀಚರ ಮುಖ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಅಂಗಡಿಯ ಹಿಂಬಾಗಿಲಲ್ಲೂ ಸ್ಪಷ್ಟ. ಮೊದಲು ಅಷ್ಟು ಹೊತ್ತಿಗೆ ಚಕ್ರ ಸುತ್ತುತ್ತಿತ್ತು. ನಡುದಾರಿಯಲ್ಲಿ ಅರ್ಧ ದಾಟಿದಳು, ಮಾತು ಸರಾಗ. ಅಡುಗೆಮನೆ ದಾಟಿ ಅದರ ಹಿಂದಿನ ಹಳೆಯ ದಪ್ಪ ಗೋಡೆಯ ಆಚೆಗೆ ಕಾಲಿಟ್ಟಳು. ಟೀಚರ ದನಿ ತುಂಡಾಯಿತು. ಇನ್ನೊಂದು ಹೆಜ್ಜೆ, ಮುಖ ನಿಂತಿತು. ಅವಳು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಒಂದು ಗೆರೆ ಎಳೆದಳು. ಹಿಂದೆ ಬಂದಳು, ಚಿತ್ರ ಬಂತು. ಮುಂದೆ ಹೋದಳು, ನಿಂತಿತು. ಗೆರೆ ಸರಿಯಾಗಿತ್ತು.

ಗೆರೆಯಿಂದಾಚೆಗೆ ಮಲಗುವ ಕೋಣೆ. ಮಂಚದ ಮೇಲೆ ಮಾಸ್ಟರ್ ಗೋಡೆ ಕಡೆಯಿಂದ ಮುಖ ಈಚೆ ತಿರುಗಿಸಿ, ಹೆಂಡತಿ ನೆಲದ ಮೇಲೆ ಯಾವ ಅಂಗಿಗೆ ಗುರುತು ಹಾಕುತ್ತಿದ್ದಾಳೆ ಎಂದು ನೋಡುತ್ತಿದ್ದರು.

"ನೋಡ್ತಾ ಇರಿ" ಎಂದಳು ಅವಳು. "ನಿಮ್ಮ ಬಾಯಿ ಅಲ್ಲ ಕೆಟ್ಟಿರೋದು. ಇಲ್ಲಿ, ಈ ಗೆರೆ ಹತ್ರ ಕೆಟ್ಟಿದೆ. ಬೇಕಾದ್ರೆ ಎದ್ದು ಬಂದು ನೋಡಿ."

ಮಾಸ್ಟರ್ ಎದ್ದು ಬರಲಿಲ್ಲ. ಆದರೆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಲೈನು ಚೆನ್ನಾಗಿದೆ" ಎಂದು ಟೀಚರ್ ತೀರ್ಪು ಕೊಟ್ಟರು. "ಮೋಡೆಮ್ ಬದಲಾಯಿಸೋ ಅಗತ್ಯಾನೇ ಇಲ್ಲ. ಈ ಗೋಡೆ ದಾಟೋಕೆ ಹಂಚೋರು ಇನ್ನೊಬ್ಬರು ಬೇಕು. ಅಂದ್ರೆ ಇನ್ನೊಂದು ರೂಟರ್."

ಭಾವನಿಗೆ ಕೊನೆಯದೊಂದು ಆಸೆ. "ಹಂಗಾದ್ರೆ ಕಂಪನಿಯವರಿಗೆ ಹೇಳಿ ಸ್ಪೀಡು ಜಾಸ್ತಿ ಮಾಡಿಸಿದ್ರೆ?"

"ಗೋಡೆಯಾಚೆ ಬರದೇ ಇರೋದಕ್ಕೆ ಸ್ಪೀಡು ಜಾಸ್ತಿ ಮಾಡಿಸಿದ್ರೆ ಅಂಗಡೀಲಿ ಇನ್ನೂ ಜೋರಾಗಿ ಓಡುತ್ತೆ. ಕೋಣೇಲಿ ಹಿಂದಿನ ಹಾಗೇ ನಿಲ್ಲುತ್ತೆ."

"ಭಾವ, ಅವರನ್ನ ಅಂಗಡಿಗೇ ಕರ್ಕೊಂಡು ಬಂದು ಕೂರಿಸೋಣ ಅಂತ ಮಾತ್ರ ಹೇಳ್ಬೇಡಿ" ಎಂದಳು ಟೈಲರಮ್ಮ. ಭಾವನ ಬಾಯಿ ತೆರೆಯುವುದು ಕಂಡೇ ಹೇಳಿದಳು. "ಗಿರಾಕಿಗಳ ಎದುರು ತೊದಲೋಕೆ ಅವರು ಒಪ್ಪಲ್ಲ. ನಾನೂ ಒಪ್ಪಲ್ಲ. ಬನ್ನಿ, ಅಂಗಡಿ ಮುಚ್ಚೋದ್ರೊಳಗೆ ಹೋಗೋಣ."

ಕೊಂಬಿನ ಮೋಡೆಮ್ ಕೊಂಡ ಅಂಗಡಿಗೇ ಮೂವರೂ ಹೋದರು. ಅಂಗಡಿಯವನು ಒಳ್ಳೆಯವನೇ. "ದೊಡ್ಡ ಮೋಡೆಮ್ ಕೊಡಿ ಅಂದ್ರಿ, ಕೊಟ್ಟೆ. ಯಾವ ಲೈನು, ಎಲ್ಲಿ ತೊಂದರೆ ಅಂತ ನೀವೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎಂದು ಡಬ್ಬ ವಾಪಸು ತೆಗೆದುಕೊಂಡ. ಈ ಸಲ ಟೈಲರಮ್ಮನೇ ಮಾತಾಡಿದಳು. "ನಮ್ಮದು ಫೈಬರ್ ಲೈನು. ಮೋಡೆಮ್ ಚೆನ್ನಾಗಿದೆ. ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ವೈಫೈ ಬರ್ತಿಲ್ಲ, ನಡುವೆ ದಪ್ಪ ಗೋಡೆ. ನಮಗೆ ಬೇಕಿರೋದು ರೂಟರ್ರು. ಮೊದಲಿನ ಪೆಟ್ಟಿಗೆಯಿಂದ ಅಲ್ಲಿವರೆಗೆ ಎಳೆಯೋಕೆ ಕೇಬಲ್ಲು." ಅಂಗಡಿಯವನು ಭಾವನ ಕಡೆ ನೋಡಿದ. ಭಾವ ಕಪಾಟಿನ ಕಡೆ ನೋಡಿದರು. ಸಿಕ್ಕಿದ ರೂಟರ್ ಆ ಕೊಂಬಿನದಕ್ಕಿಂತ ಚಿಕ್ಕದಾಗಿತ್ತು, ಭಾವನಿಗೆ ಅದೇ ಸಂಕಟ.

ಕೇಬಲ್ ಎಳೆಯುವ ಕೆಲಸದಲ್ಲಿ ಮಾತ್ರ ಭಾವನನ್ನು ಮೀರಿಸುವವರಿಲ್ಲ. ನಡುದಾರಿಯ ಗೋಡೆಯುದ್ದಕ್ಕೂ ಮೊಳೆ ಹೊಡೆದು, ಬಾಗಿಲ ಚೌಕಟ್ಟಿನ ಮೇಲಿಂದ ಹಾಯಿಸಿ, ದಪ್ಪ ಗೋಡೆಗೆ ಸಣ್ಣ ತೂತು ಕೊರೆದು, ಕಾಲಿಗೆ ಎಲ್ಲೂ ತೊಡರದಂತೆ ಕೋಣೆಗೆ ತಂದರು. ಟೈಲರಮ್ಮ ಹಿಂದೆಯೇ ಹೋಗಿ, ಓರೆಯಾದ ಕಡೆಯೆಲ್ಲ "ಹೊಲಿಗೆ ಸೊಟ್ಟ ಆಯ್ತು ಭಾವ" ಎಂದು ಬಿಚ್ಚಿಸಿದಳು. ಟೀಚರ್ ಹೊಸ ರೂಟರನ್ನು ಮೊದಲಿನ ಪೆಟ್ಟಿಗೆಗೆ ಜೋಡಿಸಿ, ಹಳೆಯದರ ವೈಫೈ ಹೆಸರನ್ನೇ ಇದಕ್ಕೂ ಕೊಟ್ಟರು. "ಪಾಸ್‌ವರ್ಡು ಹೊಸದು ಇಡಿ, ಎರಡಕ್ಕೂ ಒಂದೇ. ಪೆಟ್ಟಿಗೆ ಕೆಳಗೆ ಅಂಟಿಸಿರೋದನ್ನ ಹಾಗೇ ಬಿಡ್ಬೇಡಿ. ಬೀದಿಯವರೆಲ್ಲ ನಿಮ್ಮ ಥಾನಿಂದಲೇ ಅಂಗಿ ಹೊಲಿಸ್ಕೊಂಡ್ರೆ ನಿಮಗೇನು ಉಳಿಯುತ್ತೆ?" ಎಂದರು.

ಟೀಚರ್ ಮತ್ತೆ ಮೆಟ್ಟಿಲ ಮೇಲೆ ಕೂತು ಕರೆ ಮಾಡಿದರು, ಟೈಲರಮ್ಮ ಫೋನು ಹಿಡಿದು ನಡೆದಳು. ಸೀಮೆಸುಣ್ಣದ ಗೆರೆ ದಾಟಿದಳು. ಮೆಟ್ಟಿಲ ಮೇಲಿನ ಟೀಚರ್ ಮಾತಾಡುತ್ತಲೇ ಇದ್ದರು. ಮಂಚದ ತನಕ ಹೋಗಿ ಫೋನನ್ನು ಗಂಡನ ಮುಖಕ್ಕೆ ಹಿಡಿದಳು. "ಮಾಸ್ಟರ್, ನನ್ನ ಪ್ಯಾಂಟು ಯಾವಾಗ ಕೊಡ್ತೀರಿ?" ಎಂದು ಟೀಚರ್ ಪರದೆಯಲ್ಲಿ ಕೇಳಿದರು. ಮಾಸ್ಟರ್ ತುಟಿಯ ಒಂದು ಬದಿ ಮೇಲಕ್ಕೆದ್ದಿತು. ಆ ನಗೆಯನ್ನು ಟೈಲರಮ್ಮ ಕಂಡು ಬಹಳ ದಿನವಾಗಿತ್ತು.

ಮರುದಿನ ಕ್ಲಾಸಿನ ಹೊತ್ತಿಗೆ ಅವರನ್ನು ಕೂರಿಸುವುದೇನೂ ಸುಲಭವಾಗಲಿಲ್ಲ. ಟೈಲರಮ್ಮ ಬೆನ್ನಿಗೆ ದಿಂಬು ಕೊಟ್ಟು, ಫೋನನ್ನು ರೂಟರಿನ ಖಾಲಿ ಡಬ್ಬಕ್ಕೆ ಒರಗಿಸಿಟ್ಟು, "ಇವತ್ತೊಂದು ದಿನ ನೋಡಿ ರೀ. ಇವತ್ತೂ ನಿಂತ್ರೆ ನಾನು ನಾಳೆ ಕೇಳಲ್ಲ" ಎಂದಳು. ಹೇಳಿಬಿಟ್ಟ ಮೇಲೆ ರೂಟರಿನ ದೀಪಗಳನ್ನು ಇನ್ನೊಮ್ಮೆ ನೋಡಿಕೊಂಡಳು. ಭಾವ ಕೆಲಸ ಬಿಟ್ಟು ಬಂದು ರೂಟರಿನ ಪಕ್ಕದಲ್ಲಿ ಕಾವಲು ನಿಂತಿದ್ದರು.

ಡಾಕ್ಟರಮ್ಮ ಪರದೆಯಲ್ಲಿ ಬಂದರು. "ನಮಸ್ಕಾರ ಮಾಸ್ಟರ್. ಇದೇನು ಹೇಳಿ" ಎಂದು ಬಕೆಟ್ಟಿನ ಚಿತ್ರವೊಂದನ್ನು ಹಿಡಿದರು. ಹಿಡಿದು ಸುಮ್ಮನೆ ಕಾದರು.

ಮಾಸ್ಟರ್ ತುಟಿ ಕೂಡಿಸಿದರು. ಬಿಚ್ಚಿದರು. ಹಣೆಯಲ್ಲಿ ಬೆವರು. ಡಾಕ್ಟರಮ್ಮನ ಮುಖ ಅಲುಗಲಿಲ್ಲ. ಮಾಸ್ಟರ್ ಕಣ್ಣು ಪರದೆಯ ಮೂಲೆಯಿಂದ ಮೂಲೆಗೆ ಹುಡುಕಿತು, ನಿಂತಿರುವುದು ಯಾರು ಎಂದು. ಡಾಕ್ಟರಮ್ಮನ ಹಿಂದೆ ಕಿಟಕಿಯ ಪರದೆ ಗಾಳಿಗೆ ಅಲ್ಲಾಡುತ್ತಿತ್ತು. ಡಾಕ್ಟರಮ್ಮ ಒಮ್ಮೆ ರೆಪ್ಪೆ ಬಡಿದರು. ಮಾಸ್ಟರ್ ಅದನ್ನು ಕಂಡರು, ಅವರು ಕಂಡದ್ದನ್ನು ಟೈಲರಮ್ಮ ಕಂಡಳು.

ಭಾವನಿಗೆ ಮಾತ್ರ ಏನೂ ಕಾಣಲಿಲ್ಲ. "ಥತ್, ಮತ್ತೆ ನಿಂತೋಯ್ತು! ನಾನು ಹೇಳ್ಲಿಲ್ವಾ ದೊಡ್ಡದೇ ತರೋಣ ಅಂತ!" ಎಂದು ರೂಟರಿನ ವೈರು ಕೀಳಲು ಕೈ ಹಾಕಿದರು.

"ಬಿ..." ಎಂದರು ಮಾಸ್ಟರ್. "ಬಿ... ಬಿಡಣ್ಣ!"

ಭಾವನ ಕೈ ಗಾಳಿಯಲ್ಲೇ ನಿಂತಿತು.

ಮಾಸ್ಟರ್ ಎಡಗೈಯಿಂದ ಪರದೆ ತೋರಿಸಿ ಅಡ್ಡಡ್ಡ ತಲೆಯಾಡಿಸಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. "ಅದಲ್ಲ" ಎಂದರು. ಇನ್ನೊಮ್ಮೆ ಉಸಿರು ಎಳೆದುಕೊಂಡು, ನೂಲನ್ನು ಸೂಜಿಯ ಕಣ್ಣಿಗೆ ಹಾಯಿಸುವವರ ಹಾಗೆ ತುಟಿ ಬಿಗಿ ಹಿಡಿದು, "ನಾನು" ಎಂದರು. "ತಡಿ."

ನಿಂತದ್ದು ನೆಟ್ಟಲ್ಲ, ನಾನು ಹುಡುಕುತ್ತಿದ್ದೇನೆ, ಸ್ವಲ್ಪ ಕಾಯಿ ಎಂದು ಆ ಮಾತಿನ ಅರ್ಥ. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ಗೋಡೆಗೆ ಒರಗಿ ಮಗುವಿನಂತೆ ಅತ್ತರು. ಡಾಕ್ಟರಮ್ಮ ಚಿತ್ರ ಕೆಳಗಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. "ಕಾಯ್ತೀನಿ ಮಾಸ್ಟರ್, ನಿಧಾನಕ್ಕೆ ಹೇಳಿ" ಎಂದರು. ಆ ಮಾತು ಒಂದಕ್ಷರವೂ ಕಡಿಯದೆ ಕೋಣೆಗೆ ಬಂತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೆಟ್ಟು ನಿಂತ ಕೂಡಲೇ ಅಂಗಡಿಗೆ ಓಡಬೇಡಿ. ಮೊದಲು ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆಯಿರಿ, ಅದನ್ನು ಕಪಾಟಿನಿಂದ, ಕನ್ನಡಿಯ ಹಿಂದಿನಿಂದ, ಟಿವಿಯ ಬೆನ್ನಿನಿಂದ ಬಯಲಿಗೆ ತನ್ನಿ. ಆಮೇಲೆ ಅದರ ಪಕ್ಕದಲ್ಲಿ ನಿಂತು ನೋಡಿ. ಅಲ್ಲಿಯೇ ಬಾರದಿದ್ದರೆ ಮೋಡೆಮ್ಮಿನ ಮಾತು, ಲೈನಿನ ಮಾತು, ಕಂಪನಿಯವರನ್ನು ಕರೆಸಿ. ಅಲ್ಲಿ ಬಂದು ಒಳಗೆ ಬಾರದಿದ್ದರೆ ರೂಟರಿನ ಮಾತು, ಎಲ್ಲಿ ನಿಂತಿತೋ ಅಲ್ಲಿಗೊಂದು ಗೆರೆ ಎಳೆದು, ಗೆರೆಯಾಚೆಗೆ ಅದನ್ನು ಮುಟ್ಟಿಸುವ ದಾರಿ ನೋಡಿ. ಕೊಳ್ಳಲೇಬೇಕಾದರೆ ನಿಮ್ಮದು ಯಾವ ಲೈನು, ಎಲ್ಲಿ ತೊಂದರೆ ಎಂದು ಮೊದಲು ಅಂಗಡಿಯವನಿಗೆ ಹೇಳಿ, ಆಮೇಲೆ ಡಬ್ಬ ಕೈಗೆ ತೆಗೆದುಕೊಳ್ಳಿ. ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಕೇಳಿ, ಕೇಳಲು ನಾಚಿಕೆ ಬೇಡ.

ನಿಮ್ಮ ಮನೆಯಲ್ಲೂ ಪರದೆಯ ಮುಂದೆ ಕೂತ ಯಾರೋ ಒಬ್ಬರು, ಪಾಠ ತಿಳಿಯದ ಮಗಳೋ, ಡಾಕ್ಟರಿಗೆ ನೋವು ಹೇಳಲಾರದ ಅಜ್ಜನೋ, ತಪ್ಪು ತಮ್ಮದೇ ಎಂದುಕೊಂಡು ಸುಮ್ಮನಾಗಿರಬಹುದು. ಅವರು ಗೋಡೆಗೆ ಮುಖ ತಿರುಗಿಸುವ ಮೊದಲೇ ನೀವು ಏಳಿ. ಇವತ್ತೇ ಏಳಿ.